ಕೈ ಊರದೆ

ಲನೆಲ್ಲಿ ಅನ್ನುತ್ತೇನೆ ನಾನು. ಇಲ್ಲಿಯವರು ಹೇಳುವಾಗ
ನಾಲಗೆಯ ಎರಡೂ ಬದಿಯಿಂದ ಗಾಳಿ ಹೊರಡುತ್ತದೆ,
ಒಗರು ನೆಲ್ಲಿಕಾಯಿ ಕಚ್ಚಿದ ಹಾಗೆ.
ಮೂವತ್ತೊಂದು ವರ್ಷವಾದರೂ ಬಂದಿಲ್ಲ.
ಅದೊಂದು ಕಸರತ್ತು ಕೈಬಿಟ್ಟಿದ್ದೇನೆ.

ಮಂಗಳವಾರ ಹತ್ತೂವರೆ,
ಹೆಸರಲ್ಲೇ ಚಾಪೆ ಇರುವ ಚಾಪೆಲ್ಲಿನ ಹಿಂದಿನ ಕೋಣೆ.
ಹನ್ನೊಂದು ಹೆಂಗಸರು, ಕೂಡಿದರೆ ಎಂಟುನೂರು ದಾಟುವ ವಯಸ್ಸು,
ನಾಲ್ಕು ಹೊಸ ಮಂಡಿ, ಎರಡು ಹೊಸ ಸೊಂಟ,
ಹೀಟರಿನ ಮೇಲೆ ಒಣಗಲಿಟ್ಟ ಯಾರದೋ ಕೈಗವಸು.

ಮೊದಲ ದಿನ ರೀಸ್ ಚೀಟಿ ಹಂಚಿದ.
ಇಪ್ಪತ್ತಾರರ ಹುಡುಗ,
ತನಗೂ ಮೊಣಕಾಲಿದೆಯೆಂದು ಗೊತ್ತೇ ಇಲ್ಲದವನ ನಡಿಗೆ.
"ಹನ್ನೆರಡು ವಾರ. ಒಬ್ಬೊಬ್ಬರೂ ಒಂದು ಗುರಿ ಬರೆಯಿರಿ."

ಗುರಿ!
ಮದುವೆ, ಹೆರಿಗೆ, ಸಾಲದ ಕಂತು, ರಾತ್ರಿಪಾಳಿ
ಎಲ್ಲವೂ ತಾವಾಗಿ ಬಂದು ಕದ ತಟ್ಟಿದವು.
ಯಾರೂ ನನಗೆ ಪೆನ್ನು ಕೊಟ್ಟು ಕೇಳಿರಲಿಲ್ಲ.

ಗ್ಲೆನಿಸ್: ಬಸ್ಸಿನ ಹಿಂದೆ ಓಡಬೇಕು, ಸಿಗದಿದ್ದರೂ ಸರಿ.
ಮೆರಿಯಲ್: ನನ್ನ ಕಾಲುಚೀಲ ನಾನೇ ಹಾಕಿಕೊಳ್ಳಬೇಕು,
ಗಂಡ ಹಿಮ್ಮಡಿಯನ್ನು ಮೇಲೆ ಮಾಡುತ್ತಾನೆ.
ಐರ್ವೆನ್ ಏನು ಬರೆದಳೋ, ನಾಲ್ಕು ಮಡಿಕೆ ಮಾಡಿ
ಕನ್ನಡಕದ ಡಬ್ಬಿಯೊಳಗಿಟ್ಟು ಟಕ್ಕೆಂದು ಮುಚ್ಚಿದಳು.
ನಾನು: ನೆಲದ ಮೇಲೆ ಚಕ್ಕಳಮಕ್ಕಳ ಕೂತು
ಕೈ ಊರದೆ ಏಳಬೇಕು.

ರೀಸ್ ತಲೆ ಕೆರೆದುಕೊಂಡ.
"ಕುರ್ಚಿ ಇದೆಯಲ್ಲ, ನೆಲ ಯಾಕೆ?"

ನೋಡಪ್ಪಾ, ಕುಕ್ಕರಗಾಲಲ್ಲಿ ಕೂತು ಕವಡೆ ಎಸೆದವಳು ನಾನು,
ಅಳಗುಳಿಮಣೆಯ ಒಂದು ಹುಣಿಸೆಬೀಜಕ್ಕೆ ಜಗಳ ಕಾದು
ಒಂದೇ ನೆಗೆತಕ್ಕೆ ಎದ್ದು ಓಡಿದವಳು, ಎಂದೆ.
ಅರ್ಧ ನಿಜ.

ಇನ್ನರ್ಧ ನವೆಂಬರಿನದು, ಬಚ್ಚಲಿನದು.
ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಗಂಡಸರ ಗಾದೆ,
ನನಗಿರುವುದು ಗಲ್ಲದಲ್ಲಿ ಎರಡು ಬಿಳಿ ಕೂದಲು.
ಕೆನ್ನೆಗೆ ಟೈಲ್ಸಿನ ತಣ್ಪು. ತೊಟ್ಟಿಯ ಅಂಚು ಒಂದು ಗೇಣು.
ಆ ಗೇಣಿಗೆ ನಲವತ್ತು ನಿಮಿಷ.
ಸಂಜೆ ಮಗಳ ಫೋನು ಬಂದಾಗ
ಸ್ವಲ್ಪ ಶೀತ, ದನಿ ಅದಕ್ಕೇ ಹಾಗೆ, ಎಂದೆ.

ಹೀಗೆ ಶುರುವಾಯಿತು.
ಕೆಟಲ್ ಕುದಿಯುವತನಕ ಒಂಟಿಕಾಲು.
ಎರಡೂ ಕೈಗೆ ಕಿಲೋ ಕಿಲೋ ಸೋನಾಮಸೂರಿ,
ಎತ್ತುವಾಗ ಅಕ್ಕಿ, ಇಳಿಸುವಾಗ ಕಲ್ಲು.
ಬಗ್ಗಿದರೆ ಮಂಡಿಯಲ್ಲಿ ಹಪ್ಪಳ ಮುರಿಯುವ ಸದ್ದು,
ಒಂದೊಂದು ಬೆಳಿಗ್ಗೆ ಹಾಸಿಗೆಯಲ್ಲೇ ರೀಸನಿಗೆ ಶಾಪ.

ಏಳನೆಯ ವಾರ ಗ್ಲೆನಿಸ್ ಓಡಿದಳು.
ಬಸ್ಸು ನಿಂತೇ ಬಿಟ್ಟಿತು!
ಡ್ರೈವರು ಮೊಮ್ಮಗನ ಸಹಪಾಠಿಯಂತೆ.
"ಇದು ಲೆಕ್ಕಕ್ಕಿಲ್ಲ," ಕೋಣೆಗೆ ಬಂದು ರೇಗಿದಳು,
"ನನಗೆ ಅದು ಹೋಗುವುದು ಬೇಕಿತ್ತು."

ಹನ್ನೊಂದನೆಯ ವಾರ ನನ್ನ ಸರದಿ.
ಕೂತೆ. ಅಡ್ಡಗಾಲು, ಎದೆ ಮುಂದೆ, ಉಸಿರು ಒಳಗೆ,
ಮನಸ್ಸಿನಲ್ಲಿ ಒಂದು, ಎರಡು, ಎದ್ದೆ.
ಏಳುವಾಗ ಎಡಗೈಯ ಎರಡು ಬೆರಳು
ಬೆಕ್ಕಿನ ಹೆಜ್ಜೆಯಷ್ಟು ಹಗುರಕ್ಕೆ ನೆಲ ಸೋಕಿದವು.
ಚಪ್ಪಾಳೆ. ರೀಸ್ ಹಲಗೆಯ ಮೇಲೆ ಸರಿ ಗುರುತು ಹಾಕಿದ.

"ಬೆರಳು ಮುಟ್ಟಿತು," ಐರ್ವೆನ್.

ಹೀಟರ್ ಕೂಡ ಸುಮ್ಮನಾದ ಹಾಗಿತ್ತು.
ಮುಟ್ಟಿತು, ಎಂದೆ.
ಪಾಪದ ಹುಡುಗ ಅಂಗೈಯಿಂದ ಒರೆಸಿದ, ಅವನ ಕಿವಿ ಕೆಂಪು.

ಕೋಟು ತೆಗೆದುಕೊಳ್ಳುವಾಗ ಪಕ್ಕಕ್ಕೆ ಬಂದಳು.
"ಎಲ್ಲಿ ಬಿದ್ದದ್ದು?"
ನಾನು ಬಿದ್ದೆನೆಂದು ಯಾರು ಹೇಳಿದರು?
"ಬಿದ್ದವರು ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ."
ಬಚ್ಚಲಲ್ಲಿ, ಎಂದೆ. ನೀನು?
"ಫ್ರಿಜ್ಜಿನ ಮುಂದೆ. ಏಳು ಗಂಟೆ.
ಅದರಡಿಯಲ್ಲೊಂದು ಬಟಾಣಿ ಇತ್ತು, ಒಣಗಿದ್ದು.
ಎದ್ದ ಮೇಲೂ ಗುಡಿಸಿಲ್ಲ."

ಕನ್ನಡಕದ ಡಬ್ಬಿ ತೆಗೆದಳು. ಚೀಟಿ ಕಂಡಿತು.
ಅದರ ಪಕ್ಕದಿಂದ ಕನ್ನಡಕ ತೆಗೆದು ಹಾಕಿಕೊಂಡು
ಬಸ್ಸಿನ ವೇಳೆ ನೋಡಿದಳು.

ಹೊರಗೆ ಐದು ಮೆಟ್ಟಿಲು, ಒದ್ದೆ.
ಇಬ್ಬರೂ ಕಂಬಿ ಹಿಡಿದೇ ಇಳಿದೆವು.